ಅರಿಶಿನ ಕೊಂಬಿನ ಗಂಟು

ಎಂಆರ್‌ಐ ಕೋಣೆಗೆ ಹೋಗುವವರ ಮೈಮೇಲೆ ಚೂರು ಲೋಹವೂ ಇರಕೂಡದು. ಬಳೆ, ಓಲೆ, ಹೇರ್‌ಪಿನ್ ಎಲ್ಲ ತೆಗೆದದ್ದಾಯಿತು. ಹೆಂಡತಿ ಪದ್ಮಿನಿಯ ಮಂಗಳಸೂತ್ರವನ್ನೂ ಜಯತೀರ್ಥರು ಬಿಚ್ಚಿ ಜೇಬಿಗಿಳಿಸಿದರು.

ಎರಡು ವರ್ಷದ ಹಿಂದೆ, ಆಲ್‌ಝೈಮರ್ ಇರಬಹುದೆಂದು ಮೊದಲ ಸಲ ಸ್ಕ್ಯಾನ್ ಮಾಡಿಸಿದಾಗ, ಪದ್ಮಿನಿಯೇ ಬೆಹಾಲಾದ ತಮ್ಮ ಮನೆಯಿಂದ ದಾರಕ್ಕೆ ಅರಿಶಿನ ಕೊಂಬು ಪೋಣಿಸಿ ತಂದಿದ್ದಳು. “ಬರೇ ಕೊರಳಾಗ ನಾ ಇರೂದಿಲ್ಲ.” ಜಯತೀರ್ಥರು ಕಟ್ಟಲು ಹೋದರು, ದಾರ ಜಾರಿತು. ನರ್ಸ್ ಎದುರಿಗೇ ನಕ್ಕಿದ್ದಳು ಪದ್ಮಿನಿ: “ನಿಮಗ ಗಂಟ ಹಾಕಲಿಕ್ಕೆ ಬರೂದಿಲ್ಲ ಬಿಡ್ರಿ. ಲಗ್ನದಾಗೂ ನಿಮ್ಮ ಅಕ್ಕನ ಹಾಕಿದ್ಲು.”

ಆಮೇಲೆ ಅವಳು ಒಂದೊಂದೇ ಮರೆಯುತ್ತ ಹೋದಳು, ಇವರು ಒಂದೊಂದೇ ಕಲಿಯುತ್ತ ಹೋದರು. ಲಂಗದ ಲಾಡಿ, ಜಡೆಯ ರಿಬ್ಬನ್. ಖಿದಿರ್‌ಪುರ ಬಂದರಿನಲ್ಲಿ ಆಯುಷ್ಯವೆಲ್ಲ ಗುಮಾಸ್ತಿಕೆ ಮಾಡಿದ ಮನುಷ್ಯ ಮುಪ್ಪಿನಲ್ಲಿ ಗಂಟು ಹಾಕುವುದರಲ್ಲಿ ಪಳಗಿದರು. ಯಾರಿಗೆ ಬೇಕಾಗಿತ್ತು ಆ ಜಾಣತನ!

ರೋಗ ಎಲ್ಲಿಗೆ ಮುಟ್ಟಿದೆ ಎಂದು ಇವತ್ತಿನ ಸ್ಕ್ಯಾನ್ ಹೇಳಲಿದೆ. ಅದು ಏನಾದರೂ ಹೇಳಿಕೊಳ್ಳಲಿ, ಪದ್ಮಿನಿಗೆ ತನ್ನ ಗುರುತು ಉಳಿದಿದ್ದರೆ ಸಾಕಾಗಿತ್ತು ಅವರಿಗೆ. ಎಷ್ಟೋ ದಿನದಿಂದ ಅವಳು ‘ರೀ’ ಎಂದು ಕರೆದಿರಲಿಲ್ಲ.

ನೆನಪಿಟ್ಟು ತಂದಿದ್ದ ಅರಿಶಿನ ಕೊಂಬಿನ ದಾರವನ್ನು ಅವಳ ಕೊರಳಿಗೆ ಸುತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿಗಿದರು. ಪದ್ಮಿನಿ ಬೆರಳಿಂದ ಗಂಟನ್ನು ತಡವಿ ನೋಡಿದಳು. ಮುಖ ಕಪ್ಪಿಟ್ಟಿತು.

“ಯಾರು ಕಟ್ಟಿದ್ರು ಇದನ್ನ?”

“ನಾನ, ಪದ್ಮಿನಿ.”

“ನೀವ್ಯಾಕ ಕಟ್ಟಿದ್ರಿ? ಬಿಚ್ರಿ ಮೊದಲ. ನಮ್ಮ ಮನಿಯವರು ಬಂದು ಕಟ್ಟತಾರ. ಅವರಿಗೆ ಇಷ್ಟು ಛಂದ ಗಂಟ ಹಾಕಲಿಕ್ಕೆ ಬರೂದಿಲ್ಲ.”

ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಜಯತೀರ್ಥರು ತಾವೇ ಹಾಕಿದ ಗಂಟನ್ನು ತಾವೇ ಬಿಚ್ಚಿದರು. ಅವಳು ಬರಿಗೊರಳಲ್ಲಿ ಒಳಗೆ ಹೋದಳು. ಇವರು ಹೊರಗೆ ಕುಳಿತು, ಜನ ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಅತ್ತರು.

ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ನೆನಪನ್ನು ಕಾಯುವ ಭಾಗ ಇನ್ನಷ್ಟು ಕುಗ್ಗಿತ್ತು. ಹೊಸದೇನೂ ಅಲ್ಲಿ ನಿಲ್ಲುವುದಿಲ್ಲ, ಹಳೆಯದು ಅಷ್ಟಿಷ್ಟು ಉಳಿದಿರಬಹುದು ಎಂದರು.

ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕ ಕುಳಿತ ಜಯತೀರ್ಥರಿಗೆ ಆ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಮತ್ತೆ ದಾರ ತೆಗೆದರು. ಈ ಸಲ ಬೇಕೆಂದೇ ತಪ್ಪು ಗಂಟು ಹಾಕಿದರು, ಹಳೆಯ ಜಯತೀರ್ಥನ ಹಾಗೆ. ದಾರ ಜಾರಿ ಕೊಂಬು ಅವಳ ಮಡಿಲಿಗೆ ಬಿತ್ತು. ಅವರು ಉಸಿರು ಬಿಗಿಹಿಡಿದರು.

ಪದ್ಮಿನಿ ಅದನ್ನೆತ್ತಿ ಅವರ ಅಂಗೈಯಲ್ಲಿಟ್ಟು ನಕ್ಕಳು. ಅದೇ ಹಳೆಯ ನಗು.

“ನಿಮಗೂ ಬರೂದಿಲ್ಲೇನು? ಇರ್ಲಿ ಬಿಡ್ರಿ, ಅವರು ಇನ್ನೇನು ಬರ್ತಾರ,” ಎಂದು ಬಾಗಿಲ ಕಡೆ ನೋಡುತ್ತ ಕುಳಿತಳು.