ಹಲ್ಲಿನ ಡಾಕ್ಟರು ಹಾಡಿದ ಸಂಜೆ

ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಮಲಗಿದ ಮನುಷ್ಯ 'ಸಾಕು, ನಿಲ್ಲಿಸಿ' ಅನ್ನಲಾರ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ನಮ್ಮ ಹಲ್ಲಿನ ಡಾಕ್ಟರಿಗೆ ಮೂವತ್ತು ವರ್ಷ ಬೇಕಾಯಿತು. ಅದೂ ತಾನಾಗಿ ಹೋಗಲಿಲ್ಲ, ಇಡೀ ಬಡಾವಣೆ ಸೇರಿ ತುಂಬಬೇಕಾಯಿತು. ಈಗ ಆ ಕಥೆಯನ್ನು ಅವರೇ ಸಿಕ್ಕಸಿಕ್ಕವರಿಗೆ ಹೇಳಿ, ಕೇಳಿದವರಿಗಿಂತ ಮೊದಲು ತಾವೇ ನಗುತ್ತಾರೆ.

ಡಾಕ್ಟರಿಗೆ ಕೆಲಸ ಮಾಡುತ್ತ ಹಾಡುವ ಚಟ. ಗುನುಗುವುದಲ್ಲ ಮಾರಾಯರೇ, ಬಾಯಿ ಬಿಟ್ಟು ಹಾಡುವುದು. ಹಾಡೂ ಒಂದೇ. ದಡ ಕಾಣದೆ ಕಂಗಾಲಾದ ದೋಣಿಯವನೊಬ್ಬ ತನ್ನವರನ್ನು ಕೂಗುವ ಹಳೆಯ ಹಾಡು. ಹಲ್ಲು ಕೊರೆಯುವ ಮೆಷಿನ್ನು 'ಗುಂಯ್' ಅಂದಕೂಡಲೇ ಅದನ್ನೇ ಶ್ರುತಿ ಅಂತ ಹಿಡಿದು ಎತ್ತಿಕೊಳ್ಳುತ್ತಿದ್ದರು. ಕುರ್ಚಿಯಲ್ಲಿ ಮಲಗಿದವರ ಕಣ್ಣಲ್ಲಿ ನೀರು ಬಂದರೆ ಹಾಡು ಮನಸ್ಸಿಗೆ ತಟ್ಟಿತು ಅಂದುಕೊಳ್ಳುತ್ತಿದ್ದರು. 'ಆಂ... ಆಂ...' ಅಂದರೆ ಭೇಷ್ ಅಂದ ಹಾಗೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರೆ, ಓಹೋ ತಾಳ ಹಾಕುತ್ತಿದ್ದಾರೆ ಅಂತ ಇನ್ನೊಂದು ಚರಣ ಹೆಚ್ಚಿಗೆ. ಜೊತೆಗಿದ್ದ ನರ್ಸಮ್ಮ ಹಾಡು ಮೇಲಕ್ಕೇರಿದಾಗಲೆಲ್ಲ ಎಂಜಲು ಹೀರುವ ಪೈಪನ್ನು ಜೋರಾಗಿ ಹಾಕಿಬಿಡುತ್ತಿದ್ದರು. ಅದು ರೋಗಿಯ ಅನುಕೂಲಕ್ಕೆ ಅಂತ ಡಾಕ್ಟರು ನಂಬಿದ್ದರು. ಒಂದು ರೀತಿಯಲ್ಲಿ ಹೌದು ಕೂಡ.

ಅವರ ಅಕ್ಕ ಮಾತ್ರ ಹಾಡಿನವರೇ. ಶಾಲೆಯಲ್ಲಿ ಹಾಡು ಕಲಿಸುವ ಟೀಚರಾಗಿ ರಿಟೈರ್ ಆದವರು. ಅಮ್ಮ ತೀರಿಕೊಂಡಾಗ ಡಾಕ್ಟರಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕನೇ ತಲೆ ಬಾಚಿ, ಗದರಿಸಿ, ಓದಿಸಿ ಒಂದು ದಾರಿಗೆ ಹಚ್ಚಿದರು. ಊರಿಗೆಲ್ಲ ಡಾಕ್ಟರು, ಅಕ್ಕನಿಗೆ ಇವತ್ತಿಗೂ ಪುಟ್ಟ. ತಲೆಯ ಮೇಲೆ ಕೂದಲಿಲ್ಲದ ಪುಟ್ಟ. ಅಕ್ಕನ ಕಿವಿ ಅಂದರೆ ಅದು ಕಿವಿ. ಪಕ್ಕದ ಮನೆಯ ಕಾಲಿಂಗ್ ಬೆಲ್ ಶ್ರುತಿ ತಪ್ಪಿದೆ ಅಂತ ಮುಖ ಕಿವುಚುವ ಹೆಂಗಸು.

ರಿಟೈರ್ ಆದಮೇಲೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಬೇಸಿಗೆ ಸಂಜೆಯ ಹಾಡು ಅಂತ ಶುರು ಮಾಡಿದರು. ಬೇಸಿಗೆ ಮುಗಿಯುವ ತನಕ ಶನಿವಾರ ಶನಿವಾರ, ಲೈಬ್ರರಿಯ ಹಿಂದಿನ ಮೈದಾನದಲ್ಲಿ. ಟಿಕೆಟ್ಟಿಲ್ಲ ಗಿಕೆಟ್ಟಿಲ್ಲ, ಯಾರು ಬೇಕಾದರೂ ಬಂದು ಕೂತು ಕೇಳಬಹುದು. ಸೆಕೆಗೆ ಮನೆಯೊಳಗೆ ಬೇಯುತ್ತಿದ್ದ ಜನ ಚಾಪೆ, ಬೆಡ್‌ಶೀಟು, ನೀರಿನ ಬಾಟಲಿ ಹಿಡಿದು ಬಂದರು. ಹಾಡಲು ಬರುವವರು ಹಾಡಿದರು, ಬಾರದವರೂ ಹಾಡಿದರು. ಪೋಸ್ಟ್‌ಮನ್ ಕೀಬೋರ್ಡ್ ನುಡಿಸಿದ, ಬೇಕರಿಯವ ಡ್ರಮ್ ಬಾರಿಸಿದ, ಬ್ಯಾಂಕಿನ ಮ್ಯಾನೇಜರು ಕೊಳಲು ಊದಲು ಹೋಗಿ ಉಸಿರು ಸಿಕ್ಕಿಕೊಂಡು ಕೂತುಬಿಟ್ಟರು. ಅವರಿಗೂ ಅಕ್ಕ ಚಪ್ಪಾಳೆ ಹೊಡೆಸಿದರು. ಡಾಕ್ಟರು ಮಾತ್ರ ಕುರ್ಚಿ ಹೊತ್ತರು.

"ಅಕ್ಕಾ, ಈ ಸಲ ನಾನೂ ಒಂದು ಹಾಡ್ಲಾ?"

"ನೋಡೋಣ ಪುಟ್ಟಾ."

ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಆ ನೋಡೋಣ ಅನ್ನುವುದು ಯಾವತ್ತೂ ನೋಡಿದ್ದಿಲ್ಲ. ಡಾಕ್ಟರಿಗೆ ಹಾರ ತುರಾಯಿ ಬೇಕಿರಲಿಲ್ಲ. ಆ ಸ್ಟೇಜಿನ ಮೇಲೆ ನಿಂತು ಒಂದು ಹಾಡು ಹಾಡಬೇಕು, ಅಕ್ಕ ಎದುರಿಗೆ ಕೂತು ಅದನ್ನು ಕೊನೆಯ ತನಕ ಕೇಳಬೇಕು, ಇಷ್ಟೇ ಆಸೆ. ಊರವರ ಮಕ್ಕಳಿಗೆಲ್ಲ ಸಿಕ್ಕಿದ್ದು ಸ್ವಂತ ತಮ್ಮನಿಗೆ ಯಾಕಿಲ್ಲ ಅಂತ ಒಳಗೊಳಗೇ ಕುದಿಯುತ್ತಿದ್ದರು. ಯಾಕೆ ಅಂತ ಬಾಯಿ ಬಿಟ್ಟು ಕೇಳಲು ಧೈರ್ಯವಿಲ್ಲ. ಅಕ್ಕನ ಮುಂದೆ ಬಾಯಿ ಬಿಡುವುದು ಅವರ ರೋಗಿಗಳು ಅವರ ಮುಂದೆ ಬಾಯಿ ಬಿಡುವಷ್ಟೇ ಕಷ್ಟ.

ಹೀಗಿರುವಾಗ ಒಂದು ಬೇಸಿಗೆಯ ಕೊನೆಯ ಶನಿವಾರ ಬಂತು. ಅವತ್ತು ಹಾಡಬೇಕಾಗಿದ್ದವಳು ಅಕ್ಕನ ಹಳೆಯ ಶಿಷ್ಯೆ, ಈಗ ರೇಡಿಯೋದಲ್ಲಿ ಹಾಡುವ ಹುಡುಗಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಕೆನ್ನೆ ಹಿಡಿದುಕೊಂಡು ಡಾಕ್ಟರ ಕ್ಲಿನಿಕ್ಕಿಗೆ ಬಂದಳು.

"ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಬಿದ್ದುಹೋಗಿದೆ ಡಾಕ್ಟ್ರೇ, ಜೀವ ಹೋಗ್ತಿದೆ. ಸಂಜೆ ಟೀಚರ ಸ್ಟೇಜಲ್ಲಿ ಹಾಡೋದಿದೆ, ಏನಾದ್ರೂ ಮಾಡಿ."

ಮಾಡಲು ದಾರಿ ಎರಡಿದ್ದವು. ತೂತು ಸ್ವಚ್ಛ ಮಾಡಿ, ಔಷಧಿ ಅದ್ದಿದ ಹತ್ತಿಯಿಟ್ಟು, ಮೇಲೆ ತಾತ್ಕಾಲಿಕವಾಗಿ ಮುಚ್ಚಿ, ಸೋಮವಾರ ಬನ್ನಿ ಅನ್ನುವುದು ಒಂದು. ಐದು ನಿಮಿಷದ ಕೆಲಸ, ನಾಲಿಗೆ ತುಟಿ ಇದ್ದ ಹಾಗೇ ಇರುತ್ತವೆ. ಇಂಜೆಕ್ಷನ್ ಚುಚ್ಚಿ ಅವತ್ತೇ ಬೇರಿನ ಚಿಕಿತ್ಸೆ ಶುರು ಮಾಡುವುದು ಇನ್ನೊಂದು. ಹಾಗೆ ಮಾಡಿದರೆ ಕತ್ತಲಾಗುವ ತನಕ ಅರ್ಧ ಬಾಯಿ ಮರದ ಹಲಗೆ. ಇದು ಡಾಕ್ಟರಿಗೆ ಗೊತ್ತು. ನರ್ಸಮ್ಮನಿಗೂ ಗೊತ್ತು, ಅವರಾಗಲೇ ಹತ್ತಿ, ಔಷಧಿ ತೆಗೆದಿಟ್ಟಿದ್ದರು.

"ಸಿಸ್ಟರ್, ಇಂಜೆಕ್ಷನ್ ಕೊಡಿ ಇಲ್ಲಿ."

"ಇವತ್ತೇನಾ ಸರ್? ಸಂಜೆ ಅವರು..."

"ನೋವನ್ನ ಬೇರಿನಿಂದಲೇ ತೆಗೀಬೇಕು ಸಿಸ್ಟರ್," ಅಂದರು ಡಾಕ್ಟರು, ಲೋಕದ ನೋವನ್ನೆಲ್ಲ ಅವತ್ತೇ ತೆಗೆದುಬಿಡುವವರ ಹಾಗೆ.

"ಹಾಡೋಕೆ ತೊಂದ್ರೆ ಆಗಲ್ಲ ತಾನೇ?" ಅಂದಳು ಹುಡುಗಿ.

"ಏನೂ ಆಗಲ್ಲಮ್ಮ. ಅಷ್ಟರಲ್ಲಿ ಸರಿಹೋಗುತ್ತೆ."

ಹಾಗನ್ನುವಾಗ ಅದು ಸುಳ್ಳು ಅಂತ ಅವರಿಗೆ ಅನ್ನಿಸಲೇ ಇಲ್ಲ. ಆಸೆ ಹತ್ತಿದವನ ತಲೆ ಒಳ್ಳೆಯ ವಕೀಲನ ಹಾಗೆ, ಎಂಥ ಕೇಸನ್ನೂ ಗೆದ್ದುಕೊಡುತ್ತದೆ. ಪಾಪ ಹುಡುಗಿಯ ನೋವು, ನಾನು ಡಾಕ್ಟರು, ನನ್ನ ಧರ್ಮ ನಾನು ಮಾಡುತ್ತಿದ್ದೇನೆ. ಹೀಗಂದುಕೊಂಡು ಸೂಜಿ ಚುಚ್ಚಿದರು. ಮೆಷಿನ್ನು ಹಾಕಿ, ಅವತ್ತು ಎಂದಿಗಿಂತ ಗಟ್ಟಿಯಾಗಿ ದೋಣಿಯವನ ಹಾಡನ್ನು ಎರಡೆರಡು ಸಲ ಹಾಡಿದರು. ಪ್ರಾಕ್ಟೀಸ್ ಬೇಡವೇ?

ಸಂಜೆ ಮೈದಾನ ತುಂಬಿತ್ತು. ಹುಡುಗಿ ಮೈಕಿನ ಮುಂದೆ ನಿಂತು ನಮಸ್ಕಾರ ಹೇಳಲು ಹೋದರೆ ಬಾಯಿಂದ ಬರೀ ಗಾಳಿ ಬಂತು, ಗಾಳಿಯ ಹಿಂದೆ ಒಂದಿಷ್ಟು ಜೊಲ್ಲು. ಅವಳು ಕರವಸ್ತ್ರ ಬಾಯಿಗೊತ್ತಿಕೊಂಡು ಕೆಳಗಿಳಿದುಬಿಟ್ಟಳು. ಮಧ್ಯಾಹ್ನ ಅವಳು ಹೋಗಿದ್ದು ಎಲ್ಲಿಗೆ ಅಂತ ಅಕ್ಕನಿಗೆ ಗೊತ್ತಿತ್ತು, ನೆಟ್ಟಗೆ ತಮ್ಮನ ಹತ್ತಿರ ಬಂದರು.

"ಏನೋ ಮಾಡಿದೆ ಇವಳಿಗೆ ಪುಟ್ಟಾ?"

"ತುಂಬಾ ನೋವಿತ್ತು ಅಕ್ಕ. ಬೇರೆ ದಾರಿ ಇರಲಿಲ್ಲ."

"ಈಗ ಇಷ್ಟು ಜನಕ್ಕೆ ನಾನೇನು ಹೇಳ್ಲಿ?"

"ನಾನಿದ್ದೀನಲ್ಲ ಅಕ್ಕ!"

ಕುರ್ಚಿ ಹೊರಲು ಬಂದ ಮನುಷ್ಯ ಗರಿಗರಿ ಇಸ್ತ್ರಿ ಶರಟು ಹಾಕಿ, ಘಮ್ಮಂತ ಸೆಂಟು ಹೊಡೆದುಕೊಂಡು ಯಾಕೆ ಬಂದಿದ್ದಾನೆ ಅನ್ನುವುದು ಆ ಗಡಿಬಿಡಿಯಲ್ಲಿ ಅಕ್ಕನ ಕಣ್ಣಿಗೆ ಬೀಳಲಿಲ್ಲ. "ಬೇಡ ಪುಟ್ಟಾ," ಅಂದರು. ಅಷ್ಟರಲ್ಲಿ ಹಿಂದಿನಿಂದ ಜನ 'ಶುರು ಮಾಡ್ರೀ' ಅಂತ ಚಪ್ಪಾಳೆ ತಟ್ಟಲು ಹತ್ತಿದರು. ಅಕ್ಕ ಒಮ್ಮೆ ಜನರನ್ನು ನೋಡಿದರು, ಒಮ್ಮೆ ತಮ್ಮನನ್ನು ನೋಡಿದರು. "ಒಂದೇ ಹಾಡು," ಅಂದರು.

ಡಾಕ್ಟರು ಮೆಟ್ಟಿಲು ಹತ್ತಿದ್ದೇ ಗೊತ್ತಾಗಲಿಲ್ಲ. ಪೋಸ್ಟ್‌ಮನ್ ಕೀಬೋರ್ಡಿನಲ್ಲಿ ಶ್ರುತಿ ಕೊಟ್ಟ. ಡಾಕ್ಟರು ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಎತ್ತಿಕೊಂಡರು.

ಮೊದಲ ಸಾಲಿಗೇ ಮುಂದೆ ಕೂತಿದ್ದ ದಿನಸಿ ಅಂಗಡಿಯವರ ಕೈ ತಾನಾಗಿ ಕೆನ್ನೆಗೆ ಹೋಯಿತು. ಎರಡನೇ ಸಾಲಿಗೆ ಅವರ ಹೆಂಡತಿಯ ಕೈ. ಲೈಬ್ರರಿಯಮ್ಮನ ಬಾಯಿ ಮೆಲ್ಲಗೆ ತೆರೆದುಕೊಂಡು ಹಾಗೇ ನಿಂತಿತು. ಬ್ಯಾಂಕಿನ ಮ್ಯಾನೇಜರು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಮೈದಾನದಲ್ಲಿ ಮುಕ್ಕಾಲು ಪಾಲು ಜನ ಒಂದಲ್ಲ ಒಂದು ದಿನ ಡಾಕ್ಟರ ಕೈಗೆ ಸಿಕ್ಕವರೇ. ಆ ಹಾಡು ಅವರ ಕಿವಿಗೆ ಹೋಗಲಿಲ್ಲ, ನೆಟ್ಟಗೆ ದವಡೆಗೆ ಹೋಯಿತು. ಮಗುವೊಂದು ಅಮ್ಮನ ಬೆನ್ನ ಹಿಂದೆ ಅಡಗಿ, "ನಂಗೆ ಹಲ್ಲು ನೋಯ್ತಿಲ್ಲಾ, ನಂಗೆ ಹಲ್ಲು ನೋಯ್ತಿಲ್ಲಾ!" ಅಂತ ರಂಪ ಮಾಡಿತು.

ಆ ಕೂಗಿಗೆ ಡಾಕ್ಟರು ಕಣ್ಣು ಬಿಟ್ಟರು. ಎದುರಿಗೆ ಸಾಲು ಸಾಲಾಗಿ ಕೆನ್ನೆ ಹಿಡಿದುಕೊಂಡ ಜನ, ತೆರೆದ ಬಾಯಿಗಳು, ನೀರು ತುಂಬಿದ ಕಣ್ಣುಗಳು. ಮೂವತ್ತು ವರ್ಷದಿಂದ ನೋಡುತ್ತಿದ್ದ ಮುಖಗಳೇ, ಅದೇ ಮೆಚ್ಚುಗೆಯೇ. ಆಗ ಬೆಳಕಾಯಿತು ನೋಡಿ. ಅಯ್ಯೋ ದೇವರೇ, ಇದು ಮೆಚ್ಚುಗೆ ಆಗಿರಲೇ ಇಲ್ಲ! ಮೇಲೆ ಏರುತ್ತಿದ್ದ ದನಿ ಅಲ್ಲೇ ಜಾರಿ, ಎಲ್ಲಿ ಇಳಿಯಬೇಕೋ ತಿಳಿಯದೆ ನಿಂತುಹೋಯಿತು. ಏನಾದರೂ ಹೇಳಬೇಕಲ್ಲ ಅಂತ ಡಾಕ್ಟರು ಮೈಕಿಗೆ ಬಾಗಿ, ದಿನಾ ಹೇಳುವುದನ್ನೇ ಹೇಳಿದರು:

"ಆಯ್ತು, ಬಾಯಿ ಮುಕ್ಕಳಿಸಿ."

ಜನ ಬಿದ್ದು ಬಿದ್ದು ನಕ್ಕರು. ದಿನಸಿ ಅಂಗಡಿಯವರು ಚಾಪೆಯ ಮೇಲೆ ಉರುಳಿದರು. ಪೋಸ್ಟ್‌ಮನ್ ಕೀಬೋರ್ಡಿನ ಮೇಲೆ ತಲೆಯಿಟ್ಟ, ಅದು ಬೇರೆ ಪೇಂ ಅಂತು. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಮಾನ ಹೋಗಿತ್ತು, ಸರಿ. ಆದರೆ ಹೋದಮೇಲೆ ನೋಡಿದರೆ ಅದೇನು ಅಂಥ ಬೆಲೆಬಾಳುವ ಸಾಮಾನಾಗಿ ಕಾಣಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತ ಮೆಟ್ಟಿಲ ಕಡೆ ತಿರುಗಿದರು.

ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದರು. ಅವರು ನಗುತ್ತಿರಲಿಲ್ಲ. ದುಡುದುಡು ಮೇಲೆ ಬಂದು ಮೈಕು ಕಿತ್ತುಕೊಂಡರು.

"ಏನ್ರೀ ನಗೋದು? ನಿಮ್ಮ ಮಕ್ಕಳು ಇಲ್ಲಿ ನಿಂತು ಹಾಡಿದಾಗ ನಾನು ನಕ್ಕಿದ್ನಾ? ಮ್ಯಾನೇಜರೇ, ನಿಮ್ಮ ಕೊಳಲಿಗೆ ನಕ್ಕಿದ್ನಾ?" ಮೈಕಿನ ತುದಿಯನ್ನು ತಮ್ಮನ ಕಡೆ ತೋರಿಸಿದರು. "ಇವನು ನನ್ನ ತಮ್ಮ. ಇವನ ಹಾಡು ಮುಗಿಯೋ ತನಕ ಒಬ್ಬರೂ ಏಳಬಾರದು, ಒಬ್ಬರೂ ಹಲ್ಲು ಕಿಸೀಬಾರದು. ಏ ಪೋಸ್ಟ್‌ಮನ್, ಮೊದಲಿಂದ ಹಿಡಿ."

"ಬೇಡ ಅಕ್ಕ, ಸಾಕು," ಅಂದರು ಡಾಕ್ಟರು.

"ಹಾಡು."

ಹಾಡಿದರು. ಇನ್ನೇನು ಮಾಡುತ್ತಾರೆ? ಈಗ ತಮ್ಮ ದನಿ ತಮಗೇ ಕೇಳಿಸುತ್ತಿತ್ತು, ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಕ್ಕ ಕೆಳಗಿಳಿದು ಎದುರಿಗಿದ್ದ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದರು. ತಮ್ಮ ದಾರಿ ತಪ್ಪಿದಾಗಲೆಲ್ಲ ಕೈಯನ್ನು ಇನ್ನಷ್ಟು ಜೋರಾಗಿ ಬಡಿದು ವಾಪಸು ಕರೆದರು. ಕಾಲಿಂಗ್ ಬೆಲ್ಲಿನ ಅಪಶ್ರುತಿಯನ್ನೂ ತಡೆಯಲಾರದ ಆ ಹೆಂಗಸು ಮೂರು ಚರಣವನ್ನೂ ಮುಖ ಕಿವುಚದೆ ಕೇಳಿದರು. ಡಾಕ್ಟರು ಜೀವಮಾನವೆಲ್ಲ ಬಯಸಿದ್ದು ಇದನ್ನೇ. ಅಕ್ಕನ ಪಕ್ಕದಲ್ಲಿ ಆ ಹುಡುಗಿ ಸೊಟ್ಟ ತುಟಿಗೆ ಕರವಸ್ತ್ರ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತಾನೂ ತಾಳ ಹಾಕುತ್ತಿದ್ದಳು. ಅವಳ ಕಡೆ ನೋಡಲಾರದೆ ಡಾಕ್ಟರು ಕೊನೆಯ ಚರಣವನ್ನು ತಮ್ಮ ಕಾಲಬೆರಳು ನೋಡಿಕೊಂಡು ಹಾಡಿದರು. ಹಾಡು ಮುಗಿದಾಗ ಜನ ಅಕ್ಕನ ಹೆದರಿಕೆಗೆ ಜೋರಾಗಿಯೇ ಚಪ್ಪಾಳೆ ತಟ್ಟಿದರು.

ಜನ ಚಾಪೆ ಸುತ್ತಿಕೊಂಡು ಹೊರಟಮೇಲೆ ಅಕ್ಕ, ಹುಡುಗಿ ಇಬ್ಬರೂ ನಿಂತಲ್ಲಿಗೆ ಡಾಕ್ಟರು ಹೋದರು.

"ಆ ಇಂಜೆಕ್ಷನ್ ಇವತ್ತು ಬೇಕಿರಲಿಲ್ಲ," ಅಂದರು. "ಐದು ನಿಮಿಷದಲ್ಲಿ ಮುಚ್ಚಿ ಕಳಿಸಬಹುದಿತ್ತು. ಇವಳು ಹಾಡದಿದ್ರೆ ನನಗೆ ಸಿಗುತ್ತೆ ಅಂತ ಚುಚ್ಚಿಬಿಟ್ಟೆ. ತಪ್ಪಾಯ್ತಮ್ಮ."

ಹುಡುಗಿ ಕೈ ಬೀಸಿ ಬೀಸಿ ಏನೇನೋ ಅಂದಳು. ಬಾಯಿಯ ಜೋಮು ಇನ್ನೂ ಬಿಟ್ಟಿರಲಿಲ್ಲವಾದ್ದರಿಂದ ಒಂದಕ್ಷರ ತಿಳಿಯಲಿಲ್ಲ. ಹೊಗಳುತ್ತಿಲ್ಲ ಅನ್ನುವುದಂತೂ ತಿಳಿಯಿತು. ಅಕ್ಕ ಒಂದೊಂದೇ ಕುರ್ಚಿ ಮಡಚುತ್ತ ಹೇಳಿದರು:

"ಮುಂದಿನ ಶನಿವಾರ ಇನ್ನೊಂದು ಸಂಜೆ ಇಡ್ತೀನಿ. ಇವಳು ಹಾಡ್ತಾಳೆ. ನೀನು ಮನೆಮನೆಗೂ ಹೋಗಿ, ಯಾಕೆ ಇನ್ನೊಂದು ಸಂಜೆ ಅಂತ ನಿನ್ನ ಬಾಯಿಂದಲೇ ಹೇಳಿ ಕರೀಬೇಕು."

"ಹೂಂ ಅಕ್ಕ."

"ಒಂದು ಹಾಡಿಗೆ ಇಂಥ ಕೆಲಸ ಮಾಡೋದಾ ಪುಟ್ಟಾ?"

"ನೀನು ಕೊಡಲೇ ಇಲ್ಲವಲ್ಲ ಅಕ್ಕ. ಎಲ್ಲರಿಗೂ ಕೊಟ್ಟೆ."

"ಕೊಡಲಿಲ್ಲ." ಅಕ್ಕ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟರು. "ನಿನಗೆ ಹಾಡು ಬರಲ್ಲ ಅಂತ ನಾನೇ ಹೇಳಬೇಕಿತ್ತು. ಹೇಳೋಕೆ ನನಗೆ ಬಾಯಿ ಬರಲಿಲ್ಲ. ಕೊಟ್ರೆ ಜನ ಹೇಳ್ತಾರೆ ಅಂತ ಹೆದರಿಕೆ. ಇವತ್ತು ಹೇಳಿದ್ರಲ್ಲ, ಊರೆಲ್ಲ ಸೇರಿ."

"ಅಯ್ಯೋ ಬಿಡು ಅಕ್ಕ, ನಕ್ರೆ ನಕ್ರು. ನಾನೂ ನಕ್ಕೆ. ನನಗೇನೂ ಅನ್ನಿಸಲೇ ಇಲ್ಲ."

"ನಿನಗೆ ಅನ್ನಿಸಲ್ಲ ಕಣೋ," ಅಂದರು ಅಕ್ಕ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ನನಗನ್ನಿಸುತ್ತೆ."