ಹಳದಿ ಬಕೆಟ್

ಬರೆಯಲು ಇನ್ನೇನೂ ಉಳಿದಿಲ್ಲವೇ, ಅಥವಾ ಮೊದಲಿನಿಂದಲೂ ಏನೂ ಇರಲಿಲ್ಲವೇ? ಆರು ವರ್ಷ, ಆರು ದೀಪಾವಳಿ ವಿಶೇಷಾಂಕ, ಆರು ಕತೆ. ಎಲ್ಲವೂ ಯಾರದೋ ಕಣ್ತಪ್ಪಿನಿಂದ ಅಚ್ಚಾದವೇ? ಸಾತಾರೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಮನೆಗಳಿದ್ದ ಹಳೇ ವಾಡೆಯೊಂದರ ಮಾಳಿಗೆಯ ಕೋಣೆಯಲ್ಲಿ ವಿದ್ಯಾಧರ ಖಿರೆ ಖಾಲಿ ಹಾಳೆಯ ಮುಂದೆ ಹೀಗೆ ಕೂತು ಹದಿನೇಳು ದಿನವಾಗಿತ್ತು.

ಆಗಲೇ ಸಂಪಾದಕಿ ಆಗಾಶೆಬಾಯಿಯ ಫೋನು ಬಂತು. ಅಂಕದ ಜಾಹೀರಾತು ಅರ್ಧ ಗಂಟೆಯಲ್ಲಿ ದಿನಪತ್ರಿಕೆಗೆ ಹೋಗಬೇಕು, ಎಲ್ಲರ ಕತೆಯ ಹೆಸರೂ ಬಂದಿದೆ, ಅವನದೊಂದೇ ಬಾಕಿ. ಕತೆ ಗುರುವಾರ ಬಂದರೂ ನಡೆದೀತು; ಬರದಿದ್ದರೆ ಆ ಪುಟಗಳಿಗೆ ಬೇರೆಯವರು ಕಾದಿದ್ದಾರೆ, ಮುಂದಿನ ವರ್ಷಕ್ಕೂ ಅವರೇ. ಹೆಸರು ಮಾತ್ರ ಈಗಲೇ ಬೇಕು ಎಂದರು.

ವಿದ್ಯಾಧರ ಕಿಟಕಿಯಾಚೆ ನೋಡಿದ. ಅಂಗಳದ ನಲ್ಲಿಯ ಮುಂದೆ ಕೊಡ, ಬಕೆಟ್‌ಗಳ ಸಾಲಿತ್ತು.

“ಹಳದಿ ಬಕೆಟ್” ಎಂದ.

ಭಾನುವಾರ ಜಾಹೀರಾತು ಬಂತು, ವಾಡೆಯವರೆಲ್ಲ ಓದಿದರು. ಮಾಳಿಗೆಯ ಕೋಣೆ ಬಿಟ್ಟರೆ ಅಲ್ಲಿದ್ದ ಒಂಬತ್ತು ಮನೆಗಳಲ್ಲಿ ಹಳದಿ ಬಕೆಟ್ ಇದ್ದದ್ದು ಕುಸುಮತಾಯಿಯವರಿಗೆ ಮಾತ್ರ. ನೀರು ಬರುವುದು ಬೆಳಗ್ಗೆ ಮುಕ್ಕಾಲು ಗಂಟೆ. ಹಿಂದಿನ ದಿನ ಸಾಲಿನಲ್ಲಿ ಬಕೆಟ್ ಎಲ್ಲಿಟ್ಟರೋ ಅದೇ ಅವರ ಪಾಳಿ. ಅದನ್ನು ಬೇರೆಯವರು ಮುಟ್ಟಕೂಡದೆಂಬುದು ಅಜ್ಜಂದಿರ ಕಾಲದ ಕಟ್ಟಳೆ. ಒಂದು ವರ್ಷದಿಂದ ಕುಸುಮತಾಯಿಯವರ ಬಕೆಟ್ ಮಾತ್ರ ಬೆಳಗಾಗುವಷ್ಟರಲ್ಲಿ ಸಾಲಿನ ಕೊನೆಗೆ ಹೋಗಿರುತ್ತಿತ್ತು.

ಹತ್ತು ಗಂಟೆಗೆ ಕೆಳಮನೆಯ ನಿವೃತ್ತ ಪೋಸ್ಟ್‌ಮನ್ ನಿಮಕರ ಅಜ್ಜ, ವಾಡೆಯವರೆಲ್ಲರ ಆಜೋಬಾ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಎಲ್ಲಾ ನೋಡೀದಿ ಹೌದಲ್ಲೊ, ಈ ಕಿಟಕ್ಯಾಗಿಂದ?”

ಯಾವುದರ ಮಾತೆಂದು ಹೊಳೆಯದೆ ವಿದ್ಯಾಧರ ಪೆನ್ನಿನ ಮುಚ್ಚಳ ತೆಗೆದ. ಪೆನ್ನು ಕಂಡದ್ದೇ ಆಜೋಬಾ ಕರಗಿಹೋದರು.

“ಎರಡ ಸಲ ಅಷ್ಟ ಸರಿಸೀನಪಾ, ಅದೂ ಮಳಿಗಾಲದಾಗ. ಕತಿಯೊಳಗ ನನ್ನ ಹೆಸರ ಹಾಕಬ್ಯಾಡ. ಮಗಳ ಮನ್ಯಾಗೂ ಆ ಅಂಕ ತರಸ್ತಾರ.”

ಅವರ ಹಿಂದೆಯೇ ಮೂಲೆಮನೆಯ ಶಾಲೂಬಾಯಿ ಚಕ್ಕುಲಿ ಡಬ್ಬಿ ಹಿಡಿದು ಬಂದರು. ತಾವು ಸರಿಸಿದ್ದು ಬರೀ ಒಂದು ಗೇಣು, ಅದೂ ಕಾಲಿನಿಂದ. ಕೈ ತಾಗಿಸದಿದ್ದರೆ ಮುಟ್ಟಿದಂತಾಗುವುದಿಲ್ಲ ಎಂದು ವಾದಿಸಿದರು. ಮಧ್ಯಾಹ್ನದ ಹೊತ್ತಿಗೆ ಉಳಿದ ಎಂಟೂ ಮನೆಯವರು ಒಪ್ಪಿಕೊಂಡಾಗಿತ್ತು. ತಮ್ಮದನ್ನು ಬಿಟ್ಟುಬಿಡೆಂದು ಬೇಡಿ, ಪಕ್ಕದವರದನ್ನು ವಾರ ತಿಥಿ ಸಮೇತ ಬರೆಸಿದರು. ಮೆಟ್ಟಿಲ ಮೇಲೂ ಪಾಳಿ ಹತ್ತಿತ್ತು, ಅಲ್ಲಿಯೂ ಒಬ್ಬರನ್ನೊಬ್ಬರು ಹಿಂದಕ್ಕೆ ಸರಿಸುತ್ತಿದ್ದರು. ವಿದ್ಯಾಧರ ನಗು ತಡೆಯಲಾರದೆ ಬಾಯಿಗೆ ಟವೆಲು ಒತ್ತಿಕೊಂಡು ಬರೆದ. ಹಾಳೆ ತೀರಿ ಕ್ಯಾಲೆಂಡರಿನ ಬೆನ್ನಿನ ಮೇಲೂ ಬರೆದ.

ಸಂಜೆ ಕುಸುಮತಾಯಿ ಬಂದರು. ಒಳಗೆ ಕರೆದರೂ ಹೊಸ್ತಿಲಲ್ಲೇ ನಿಂತರು.

“ವರ್ಷಾತು, ಯಾರ ಮುಂದೂ ತುಟಿ ಪಿಟ್ ಅಂದಿಲ್ಲ ನಾ. ಯಾರೂ ನೋಡಿಲ್ಲ ಅನಕೊಂಡಿದ್ದೆ. ನೀ ಒಬ್ಬಾವ ನೋಡೀದಿ. ಅಷ್ಟ ಸಾಕು, ತಮ್ಮಾ.”

ಗುರುವಾರ ಕತೆ ಹೋಯಿತು. ದೀಪಾವಳಿಗೆ ಅಂಕ ಬಂದಾಗ ಆಜೋಬಾ ಮುನಿಸಿಕೊಂಡರು: ಹೆಸರನ್ನೇ ಬದಲಿಸಿಬಿಟ್ಟರೆ ಅದು ತಾವೇ ಎಂದು ಮಗಳ ಮನೆಯವರಿಗೆ ತಿಳಿಯುವುದಾದರೂ ಹೇಗೆ? ಹಳದಿ ಬಕೆಟ್ ಈಗ ಇಟ್ಟಲ್ಲೇ ಇರುತ್ತದೆ. ಬೆಕ್ಕು ಕೂಡ ಅದನ್ನು ಮುಟ್ಟದೆ ಸುತ್ತಿ ಹೋಗುತ್ತದೆ.

ತಾನು ಏನನ್ನೂ ನೋಡಿರಲಿಲ್ಲ ಎಂದು ವಿದ್ಯಾಧರ ಕುಸುಮತಾಯಿಯವರಿಗೆ ಹೇಳಲೇ ಇಲ್ಲ.