ಮುಂದೆ ನಡೆಯುವವರು

ನಮ್ಮ ಮನೆಯವರು ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಪಲ್ಲೆಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ತಾವೇ ಹಾಕಿಕೊಂಡು ಉಣ್ಣುತ್ತಾರೆ. ಆದರೆ ಅವರ ಜೊತೆ ಊರು ಬಿಟ್ಟು ಹೊರಟೆನೆಂದರೆ ನನಗೆ ಗಂಡ ಕಾಣಿಸುವುದಿಲ್ಲ, ಬರೀ ಗಂಡನ ಬೆನ್ನು ಕಾಣಿಸುತ್ತದೆ.

ಗಂಡಸು ಮುಂದೆ, ಹೆಂಗಸು ಬುಟ್ಟಿ ಹೊತ್ತು ಹಿಂದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ಆದರೂ ಉಳಿದ ಗಂಡಸರು ಬೀಡಿ ಹಚ್ಚುವ ನೆಪದಲ್ಲಾದರೂ ಒಂದು ಗಳಿಗೆ ನಿಲ್ಲುತ್ತಾರೆ. ನಮ್ಮವರಿಗೆ ಆ ಚಟವೂ ಇಲ್ಲ.

ಎಪ್ಪತ್ತೆಂಟರಲ್ಲಿ ನನ್ನ ಅವ್ವನಿಗೆ ಜಡ್ಡು ಬಹಳ ಆಗಿದೆ ಎಂದು ಬ್ಯಾಡಗಿಯಿಂದ ಅಣ್ಣ ಹೇಳಿ ಕಳಿಸಿದ. ಗುಡಗೇರಿ ಸ್ಟೇಷನ್ನು ನಮ್ಮ ಊರಿಂದ ಮೂರು ಮೈಲು. ಮನೆಯವರು ಬೀಸುಗಾಲು ಹಾಕುತ್ತ ಹೋದರು, ಎರಡೂ ಟಿಕೀಟು ತೆಗೆದು ಅಂಗಿಯ ಕಿಸೆಯಲ್ಲಿಟ್ಟರು, ಗಾಡಿ ಹತ್ತಿದರು. ನಾನು ಹಿಂದೆಯೇ ಇದ್ದೇನೆಂದು ತಿಳಿದಿದ್ದರಂತೆ. ನಾನಿನ್ನೂ ಬುಟ್ಟಿ ಹೊತ್ತು ಇಪ್ಪತ್ತು ಮಾರು ದೂರದಲ್ಲಿದ್ದೆ. ಗಾಡಿ ಕೂಗಿತು.

"ಏನ್ರೀ! ತಡೀರಿ!" ಎಂದು ಚೀರಿದೆ. ಐದಾರು ಕಿಟಕಿಯಿಂದ ಐದಾರು ಗಂಡಸರು ಹೊರಗೆ ತಲೆ ಹಾಕಿದರು. ಏನ್ರೀ ಎಂದರೆ ಯಾರ ಗಂಡನಾದರೇನು? ನನ್ನ ಗಂಡನೊಬ್ಬನನ್ನು ಬಿಟ್ಟು ಎಲ್ಲರೂ ನೋಡಿದರು, ನಕ್ಕರು. ಹೆಸರು ಹಿಡಿದು ಕರೆಯುವಂತಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಚಿಕ್ಕಂದಿನಲ್ಲೇ ಅವ್ವ ನನಗೆ ಹೇಳಿಕೊಟ್ಟಿದ್ದಳು.

ಆ ಗಾಡಿ ತಪ್ಪಿತು, ಮರುದಿನದ ಗಾಡಿಗೆ ಹೋದೆ. ಅಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿದ್ದರು. "ಸಾವಂತ್ರಿ ಬಂದಳೇನ?" ಎಂದು ಕೊನೆಯ ತನಕ ಕೇಳಿದಳಂತೆ.

ಆಮೇಲೆ ಒಂಬತ್ತು ವರ್ಷ ನಾನು ಅವರ ಜೊತೆ ಎಲ್ಲಿಗೂ ಹೋಗಲಿಲ್ಲ. ಸಂತೆಗೆ, ಮದುವೆಗೆ, ಎಲ್ಲದಕ್ಕೂ ಬಾಜು ಮನೆಯ ಖೈರುನಬಿಯ ಜೊತೆ ಹೋಗುತ್ತಿದ್ದೆ. ಮನೆಯವರು ಯಾಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಂಬತ್ತೇಳರ ಮಳೆಗಾಲದಲ್ಲಿ ಅಣ್ಣನ ಕಾಗದ ಬಂತು. ನಮ್ಮ ಮಗಳು ಮಾದೇವಿಯನ್ನು ಅವನ ಮಗನಿಗೇ ಕೊಟ್ಟಿದ್ದೆವು. ಆಕೆಗೆ ಏಳು ತಿಂಗಳು ತುಂಬುತ್ತ ಬಂದಿದೆ, ಅಮಾವಾಸ್ಯೆಯೊಳಗೆ ಬಂದು ಬಾಣಂತನಕ್ಕೆ ಕರೆದುಕೊಂಡು ಹೋಗಿರಿ ಎಂದು ಬರೆದಿದ್ದ. ಎಂಟು ಬಿದ್ದರೆ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಕಾಗದ ಕೈಸೇರಿದಾಗ ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು.

"ನಾಳೆ ನಾ ಒಬ್ಬಾಕಿನ ಹೋಗತೀನ್ರಿ" ಅಂದೆ.

"ಬಸರಿ ಹುಡಿಗೀನ ಕರಕೊಂಡ ಬರೂದು ಒಬ್ಬಾಕಿ ಕೈಲೆ ಆಗ್ತದೇನ? ನಾನೂ ಬರ್ತೀನಿ."

"ಬರೂದಾದ್ರ ನಾ ಮುಂದ, ನೀವು ಹಿಂದ. ಬುಟ್ಟಿ ನಿಮ್ಮ ತಲಿ ಮ್ಯಾಲೆ, ಟಿಕೀಟು ನನ್ನ ಕೈಯಾಗ. ಒಪ್ಪಿಗಿ ಇದ್ರ ಬರ್ರಿ."

"ಮಂದಿ ನಗತಾರಲ್ಲ ಲೇ."

"ನಗಲಿ. ಅವತ್ತ ನನ್ನ ನೋಡಿ ನಕ್ಕಿದ್ದಿಲ್ಲೇನ?"

ಮರುದಿನ ಬೆಳಿಗ್ಗೆ ಅವರು ರುಮಾಲನ್ನು ಸಿಂಬಿ ಮಾಡಿ ಬುಟ್ಟಿ ಹೊತ್ತರು. ಅದರಲ್ಲಿ ಮಾದೇವಿಗೆ ಹಸಿರು ಸೀರೆ, ಖಣ, ಅಣ್ಣನ ಮನೆಗೆ ರೊಟ್ಟಿಯ ಗಂಟು, ಗಡಿಗೆ ಮೊಸರು ಇದ್ದವು. ಊರ ಅಗಸೆಬಾಗಿಲ ಹತ್ತಿರ ಕೂತಿದ್ದ ಗಂಗಪ್ಪ ಕಾಕಾ ಬಿಡಲಿಲ್ಲ. "ಏನಲೇ, ಬಂಡಿ ಮುಂದ, ಎತ್ತು ಹಿಂದ ಹೊಂಟಾವಲ್ಲ!" ನಾನು ಸೆರಗು ಬಿಗಿದು ಕಾಲು ಹಾಕಿದೆ.

ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಹೆಜ್ಜೆಗೊಂದು ಹೆಂಟೆ ಕಾಲಿಗೆ ಮೆತ್ತುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ತಲೆಯ ಮೇಲೆ ಭಾರವಿಲ್ಲ, ಕಣ್ಣ ಮುಂದೆ ಯಾರ ಬೆನ್ನೂ ಇಲ್ಲ. ಮುಂದೆ ನಡೆಯುವುದು ಇಷ್ಟು ಸುಖವೆಂದು ನನಗೆ ಗೊತ್ತೇ ಇರಲಿಲ್ಲ. ಈ ಸಲ ಗಾಡಿ ತಪ್ಪಿಸುವುದಿಲ್ಲ, ಮಾದೇವಿ ದಾರಿ ಕಾಯುವ ಹಾಗೆ ಮಾಡುವುದಿಲ್ಲ ಎಂದುಕೊಳ್ಳುತ್ತಲೇ ಸ್ಟೇಷನ್ನು ಮುಟ್ಟಿದೆ, ಎರಡು ಟಿಕೀಟು ತೆಗೆದೆ. ಗಾಡಿ ಬಂತು. ಹಿಡಿಕೆ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ.

ಆಗ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಮೂರು ಮೈಲು ಹಾದಿಯಲ್ಲಿ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಒಂಬತ್ತು ವರ್ಷ ಯಾವುದಕ್ಕೆ ಅವರನ್ನು ಮನಸ್ಸಿನಲ್ಲೇ ಬೈದೆನೋ ಅದನ್ನೇ ನಾನೂ ಮಾಡಿದ್ದೆ. ನನಗೆ ನಾಚಿಕೆಯಾಯಿತು.

ಪ್ಲಾಟ್‌ಫಾರ್ಮಿನ ಆ ತುದಿಯ ಬೇವಿನ ಗಿಡದ ಹತ್ತಿರ ಬುಟ್ಟಿ ಕಂಡಿತು. ಮೊಣಕಾಲ ತನಕ ಮಣ್ಣು ಮೆತ್ತಿಕೊಂಡು, ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಗಾಡಿಯ ಡಬ್ಬಿ ಡಬ್ಬಿಯೊಳಗೆ ಇಣುಕುತ್ತ ನನ್ನನ್ನು ಹುಡುಕುತ್ತಿದ್ದರು. ಗಾಡಿ ಕೂಗಿತು. ಸುಳ್ಳು ಯಾಕೆ ಹೇಳಲಿ, ಉಳಿಯಲಿ, ಒಮ್ಮೆ ಅವರಿಗೂ ತಿಳಿಯಲಿ ಎಂದು ಒಂದು ಗಳಿಗೆ ಅನಿಸಿತು. ಮರುಗಳಿಗೆಯಲ್ಲಿ ಮತ್ತೆ ಏನ್ರೀ ಎಂದು ಕರೆದು ಊರ ಗಂಡಸರನ್ನೆಲ್ಲ ತಿರುಗಿಸಲಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ಹೊಳಬಸಪ್ಪಾ!"

ಅವರು ನನ್ನ ಕಡೆ ತಿರುಗಿದರು.

"ಹೊಳಬಸಪ್ಪಾ! ಓಡಿ ಬರ್ರಿ!"

ಓಡಿದರು. ಐವತ್ತರ ಗಂಡಸು, ತಲೆಯ ಮೇಲೆ ಬುಟ್ಟಿ, ಧೋತರದ ತುಂಬ ಮಣ್ಣು. ನಾನು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತೇ ಇದ್ದೆ. ಹಸಿರು ನಿಶಾನೆ ಹಿಡಿದಿದ್ದ ಗಾರ್ಡು ನಗುತ್ತ ಕೈ ಕೆಳಗಿಳಿಸಿದ. ಅವರು ಮೊದಲು ಬುಟ್ಟಿ ಒಳಗೆ ನೂಕಿದರು, ಆಮೇಲೆ ನನ್ನನ್ನು ಹತ್ತಿಸಿ ತಾವು ಹತ್ತಿದರು. ಗಾಡಿ ಹೊರಟಿತು.

ಬಹಳ ಹೊತ್ತು ತೇಕುತ್ತ ಕೂತರು. ಮೊಸರು ಚೆಲ್ಲಿ ಕಿವಿಯ ತನಕ ಇಳಿದಿತ್ತು. ಸೆರಗಿನಿಂದ ಒರೆಸಿದೆ.

"ಬುಟ್ಟಿ ಇಷ್ಟು ವಜ್ಜಾ ಇರ್ತದ?" ಎಂದರು.

"ಇಪ್ಪತ್ತೆರಡ ವರ್ಷದಿಂದ ಇಷ್ಟ ಐತ್ರಿ."

ಆಮೇಲೆ ತಗ್ಗಿದ ದನಿಯಲ್ಲಿ, "ಹೆಸರ ಹಿಡದ ಕರದೆಲ್ಲ ಲೇ" ಎಂದರು.

"ಅವತ್ತ ಕರೀಬೇಕಾಗಿತ್ರಿ. ಕರದಿದ್ರ ನಮ್ಮವ್ವನ ಮಾರಿ ನೋಡತಿದ್ದೆ." ಅಷ್ಟು ಹೇಳುವುದರಲ್ಲಿ ನನಗೆ ಅಳು ಬಂತು. ಒಂಬತ್ತು ವರ್ಷದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತೆಂದು ಆವತ್ತೇ ನನಗೆ ಗೊತ್ತಾದದ್ದು.

ಯಲವಿಗಿ ಸ್ಟೇಷನ್ನು ದಾಟುವಾಗ ಅವರು ಅಂದರು, "ಅವತ್ತ ನಾ ಒಮ್ಮೆ ಹೊಳ್ಳಿ ನೋಡಿದ್ರೂ ನಿಮ್ಮವ್ವನ ಮಾರಿ ನೋಡತಿದ್ದಿ."

ನಾನು ಸೆರಗಿನ ಗಂಟಿನಿಂದ ಒಂದು ಟಿಕೀಟು ತೆಗೆದು ಅವರ ಕೈಗೆ ಕೊಟ್ಟೆ, ಒಂದನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಬ್ಯಾಡಗಿಯಲ್ಲಿ ಹೊಳಬಸಪ್ಪನವರು ಬುಟ್ಟಿ ಹೊತ್ತು ಮೊದಲು ಇಳಿದರು. ಎರಡು ಹೆಜ್ಜೆ ಇಟ್ಟು, ನಿಂತು, ತಿರುಗಿ ನೋಡಿದರು.